ಊರಲ್ಲೇ ಉಳಿದವನು, ಊರು ಬಿಟ್ಟವನು

ದಾವಣಗೆರೆ

ಪ್ರಿಯ ಗೆಳೆಯಾ,

ಕಾಗದ ತಲುಪಿತು. ನೀನು ಕೇಳಿದ ಆ ಕಪ್ಪು-ಬಿಳುಪು ಫೋಟೊ ನನಗೆ ಚೆನ್ನಾಗಿ ಗೊತ್ತು. ಮಳೆನೀರು ನಿಂತ ಮೈದಾನ, ಎರಡೂ ಕಡೆ ಆಳೆತ್ತರ ಚಿಮ್ಮಿದ ನೀರು, ಅದರ ನಡುವೆ ಚೆಂಡನ್ನು ಬಿಡದೆ ಜಾರುತ್ತಿರುವ ಒಬ್ಬ ಆಟಗಾರ. ಅದು 1956ರ ಆಗಸ್ಟ್‌ನಲ್ಲಿ ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನದಲ್ಲಿ ತೆಗೆದದ್ದು. ಆಟಗಾರನ ಹೆಸರು ಟಾಮ್ ಫಿನ್ನಿ. ಆಗ ಅವನಿಗೆ 34 ವರ್ಷ. ಅವನ ಬಗ್ಗೆ ನಾಲ್ಕು ಸಾಲು ಬರೆ ಅಂದಿದ್ದೀಯ. ಕೊನೆಗೆ ಒಂದು ಪ್ರಶ್ನೆಯನ್ನೂ ಸೇರಿಸಿದ್ದೀಯ: ಇಷ್ಟು ಹೆಸರು ಮಾಡಿದವನು ಗೆದ್ದ ಕಪ್ಪುಗಳೆಷ್ಟು?

ದೊಡ್ಡ ಕಪ್ ಒಂದೂ ಇಲ್ಲ ಮಾರಾಯಾ. ಲೀಗ್ ಪ್ರಶಸ್ತಿ ಇಲ್ಲ, ಎಫ್‌ಎ ಕಪ್ ಇಲ್ಲ, ವಿಶ್ವಕಪ್ ಇಲ್ಲ. 1951ರಲ್ಲಿ ಎರಡನೇ ದರ್ಜೆಯ ಲೀಗ್ ಗೆದ್ದು ತಂಡವನ್ನು ಮೇಲಕ್ಕೆ ತಂದದ್ದು, ಯುದ್ಧಕಾಲದಲ್ಲಿ ನಡೆದ ಒಂದು ಬದಲಿ ಕಪ್, ಇಷ್ಟೇ. ಆದರೂ ಅವನ ಊರಿನಲ್ಲಿ ಅವನಷ್ಟು ದೊಡ್ಡ ಹೆಸರು ಇನ್ನೊಂದಿಲ್ಲ. ಅದು ಹೇಗೆ ಎಂಬುದನ್ನು ಹೇಳದೆ ನಾಲ್ಕೇ ಸಾಲಿನಲ್ಲಿ ಮುಗಿಸಲು ನನ್ನಿಂದ ಆಗುವುದಿಲ್ಲ.

ಊರು ಪ್ರೆಸ್ಟನ್, ಲ್ಯಾಂಕಶೈರ್ ಸೀಮೆಯ ಹತ್ತಿ ಮಿಲ್ಲುಗಳ ಊರು. ನೂಲುವ ಯಂತ್ರದ ಚರಿತ್ರೆಯಲ್ಲಿ ಬರುವ ರಿಚರ್ಡ್ ಆರ್ಕ್‌ರೈಟ್ ಹುಟ್ಟಿದ್ದು ಅಲ್ಲೇ, 1732ರಲ್ಲಿ. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಾ ಬಂದಿದ್ದೇವಲ್ಲ, ಆ ಮ್ಯಾಂಚೆಸ್ಟರಿನ ನೆರೆಯ ಊರು. ನಂಟು ಹೆಸರಿನದಷ್ಟೇ ಅಲ್ಲ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಲ್ಯಾಂಕಶೈರಿನ ಮಿಲ್ಲುಗಳು ಬಾಗಿಲು ಹಾಕಿ ಜನ ಉಪವಾಸ ಬಿದ್ದಾಗ, ಆ ಕೊರತೆ ತುಂಬಲು ಹೋದ ಹತ್ತಿಯಲ್ಲಿ ನಿಮ್ಮ ತುಂಗಭದ್ರೆಯ ಆಚೆ ದಡದ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಗಾಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ನಮ್ಮ ಕಪ್ಪು ನೆಲದ ಬೆಳೆ ಆ ಊರುಗಳ ಮಗ್ಗದ ಮೇಲೆ ಕೂತಿತ್ತು ಎಂದು ನೆನೆದರೆ ನನಗೆ ಪ್ರೆಸ್ಟನ್ ದೂರದ ಊರು ಅನ್ನಿಸುವುದೇ ಇಲ್ಲ.

ಆ ಮಿಲ್ಲುಗಳಿಂದಲೇ ಫುಟ್‌ಬಾಲ್ ಬೆಳೆಯಿತು ಎಂದರೆ ನಂಬುತ್ತೀಯಾ? 1850ರ ಕಾರ್ಖಾನೆ ಕಾಯ್ದೆ ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಿಸಬೇಕೆಂದಿತು. ಅವರಿಲ್ಲದೆ ಮಿಲ್ ಓಡದು. ಹಾಗಾಗಿ ಇಡೀ ಊರು ಒಂದೇ ಹೊತ್ತಿಗೆ ಬಿಡುವಾಯಿತು. ಮನೆಗೆ ಹೋಗಿ ಉಂಡು ಮೈದಾನಕ್ಕೆ ಬರಲು ಒಂದು ಗಂಟೆ. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಗೆ ಪಂದ್ಯ ಶುರುವಾಗುವ ವಾಡಿಕೆ ಹುಟ್ಟಿದ್ದು ಹಾಗೆ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ಕ್ಲಬ್ಬುಗಳಲ್ಲಿ ಅರ್ಧದಷ್ಟು ಲ್ಯಾಂಕಶೈರಿನವು. ಮೊದಲ ವರ್ಷವೇ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದು, ಜೊತೆಗೆ ಎಫ್‌ಎ ಕಪ್ಪನ್ನೂ ಎತ್ತಿದ್ದು ಪ್ರೆಸ್ಟನ್ ನಾರ್ತ್ ಎಂಡ್.

ನಮ್ಮಲ್ಲಿ ಹಾಗಾಗಲಿಲ್ಲ. ದಾವಣಗೆರೆಯ ಮಿಲ್ಲುಗಳು ಪಾಳಿಯ ಮೇಲೆ ನಡೆದವು. ಒಂದು ಪಾಳಿಯವರು ಮಲಗಿದಾಗ ಇನ್ನೊಂದು ಪಾಳಿಯವರು ನೂಲಿನ ಮುಂದೆ. ಊರಿಗೆ ಊರೇ ಒಟ್ಟಿಗೆ ಬಿಡುವಾಗುವ ಮಧ್ಯಾಹ್ನ ನಮಗೆ ಸಿಗಲೇ ಇಲ್ಲ, ಫುಟ್‌ಬಾಲ್ ಇಲ್ಲಿ ಬೇರು ಬಿಡದ್ದಕ್ಕೆ ಅದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ನಮ್ಮ ಜನರ ಬಿಡುವು ರಾತ್ರಿಯ ಕಂಪನಿ ನಾಟಕಕ್ಕೆ ಹೋಯಿತು, ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣಕ್ಕೆ ಹೋಯಿತು. ಅದೇನು ಕಡಿಮೆ ಸಂತೋಷವೆಂದು ನಾನು ಹೇಳುವುದಿಲ್ಲ.

ಇರಲಿ, ಫಿನ್ನಿಗೆ ಬರೋಣ. ಹುಟ್ಟಿದ್ದು 1922ರ ಏಪ್ರಿಲ್ 5ರಂದು, ಪ್ರೆಸ್ಟನ್ ಕ್ಲಬ್ಬಿನ ಡೀಪ್‌ಡೇಲ್ ಮೈದಾನದ ಹತ್ತಿರದ ಓಣಿಯಲ್ಲಿ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. 14ರ ವಯಸ್ಸಿನಲ್ಲಿ ಅವನ ಎತ್ತರ ಐದಡಿಯೂ ಇರಲಿಲ್ಲ. ಕ್ಲಬ್ಬು ಅವನನ್ನು ಮೈದಾನದ ಸಿಬ್ಬಂದಿಯಾಗಿ ಸೇರಿಸಿಕೊಳ್ಳಲು ಸಿದ್ಧವಾದಾಗ ತಂದೆ ಒಪ್ಪಲಿಲ್ಲ. ಮೊದಲು ಒಂದು ಕಸುಬು ಕಲಿ, ಆಮೇಲೆ ಚೆಂಡು ಎಂದ. ಹುಡುಗ ಕೊಳಾಯಿ ಕೆಲಸ ಕಲಿತ. ಕಿರ್ಲೋಸ್ಕರ್ ಕಾರ್ಖಾನೆಯ ಲೇತಿನ ಮುಂದೆ ಕಸುಬು ಕಲಿತ ನಿನಗೆ ಆ ತಂದೆಯ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಫಿನ್ನಿ ಆ ಕೆಲಸವನ್ನು ಕೊನೆಯವರೆಗೂ ಬಿಡಲಿಲ್ಲ. ಇಂಗ್ಲೆಂಡ್ ತಂಡಕ್ಕೆ ಆಡುತ್ತಿದ್ದ ಕಾಲದಲ್ಲೂ ವಾರದ ದಿನಗಳಲ್ಲಿ ತನ್ನ ಊರಿನವರ ಮನೆಯ ಕೊಳವೆ ರಿಪೇರಿಗೆ ಹೋಗುತ್ತಿದ್ದ, ಅಣ್ಣತಮ್ಮ ಕೂಡಿ ಅದರದೇ ವ್ಯಾಪಾರ ನಡೆಸಿದರು. ಪ್ರೆಸ್ಟನ್ ಪ್ಲಂಬರ್ ಎಂದೇ ಅವನಿಗೆ ಹೆಸರು. ಶನಿವಾರ ಕುಣಿದು ಕೂಗಿ ಹುರಿದುಂಬಿಸಿದ ಆಟಗಾರ ಸೋಮವಾರ ನಿಮ್ಮ ಅಡುಗೆಮನೆಯ ನಲ್ಲಿ ಸರಿಮಾಡಲು ಬರುವುದನ್ನು ಕಲ್ಪಿಸಿಕೋ.

ಯುದ್ಧ ಅವನ ಏಳು ವರ್ಷ ತಿಂದಿತು. ಸೈನ್ಯಕ್ಕೆ ಸೇರಿ ಈಜಿಪ್ಟ್, ಇಟಲಿಗಳಲ್ಲಿ ಟ್ಯಾಂಕ್ ಪಡೆಯಲ್ಲಿದ್ದ. ಹೊರಡುವುದಕ್ಕೆ ಮೊದಲು, 1941ರಲ್ಲಿ, ಯುದ್ಧಕಾಲದ ಕಪ್ ಫೈನಲ್‌ನಲ್ಲಿ ವೆಂಬ್ಲಿಯಲ್ಲಿ ಆರ್ಸೆನಲ್ ವಿರುದ್ಧ ಆಡಿದ, ಮರುಪಂದ್ಯದಲ್ಲಿ ಪ್ರೆಸ್ಟನ್ ಗೆದ್ದಿತು. ಆ ಮೊದಲ ಪಂದ್ಯದಲ್ಲಿ ಆರ್ಸೆನಲ್ಲಿನ ಗೋಲು ಹೊಡೆದವನು ಅವರ ಎಡ ವಿಂಗರ್ ಡೆನಿಸ್ ಕಾಂಪ್ಟನ್. ಹೌದು, ಕ್ರಿಕೆಟ್ಟಿನ ಕಾಂಪ್ಟನ್ನೇ! ಅವನು ಸೈನಿಕನಾಗಿ ಭಾರತಕ್ಕೆ ಬಂದು, 1945ರಲ್ಲಿ ಬಾಂಬೆ ವಿರುದ್ಧದ ರಣಜಿ ಫೈನಲ್‌ನಲ್ಲಿ ಹೋಳ್ಕರ್ ತಂಡದ ಪರ ಔಟಾಗದೆ 249 ಹೊಡೆದ. ಇಂಗ್ಲಿಷ್ ವಿಂಗರ್ ಒಬ್ಬನ ಹೆಸರು ನಮ್ಮ ರಣಜಿ ಲೆಕ್ಕದ ಪುಸ್ತಕದಲ್ಲಿ ಕೂತಿರುವುದು ನನಗೆ ಇಂದಿಗೂ ಖುಷಿ ಕೊಡುವ ಸಂಗತಿ, ಅದಕ್ಕೇ ನಿನಗೂ ಹೇಳಿದೆ.

1946ರ ಆಗಸ್ಟ್‌ನಲ್ಲಿ ಲೀಗ್ ಮತ್ತೆ ಶುರುವಾದಾಗ ಫಿನ್ನಿಗೆ 24 ವರ್ಷ. ಮೊದಲ ಲೀಗ್ ಪಂದ್ಯ ಆಡಿದ ಒಂದು ತಿಂಗಳೊಳಗೇ ಇಂಗ್ಲೆಂಡ್ ತಂಡ ಸೇರಿ, ಬೆಲ್‌ಫಾಸ್ಟ್‌ನಲ್ಲಿ ಗೋಲನ್ನೂ ಹೊಡೆದ. ಆಗ ವಿಂಗರ್‌ನ ಕೆಲಸ ಈಗಿನದಲ್ಲ. ಮೈದಾನದ ಅಂಚಿನ ಗೆರೆಗೆ ಅಂಟಿಕೊಂಡು ನಿಲ್ಲಬೇಕು. ಚೆಂಡು ಬಂದಾಗ ಎದುರಿಗೆ ಒಬ್ಬ ಫುಲ್‌ಬ್ಯಾಕ್. ಅವನನ್ನು ಒಬ್ಬನೇ ದಾಟಿ, ಗೋಲಿನ ಗೆರೆಯ ತನಕ ಹೋಗಿ ಚೆಂಡನ್ನು ಹಿಂದಕ್ಕೆ ಕೊಡಬೇಕು. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನು ಮೂಲೆಯವನನ್ನು ಕೆಣಕಿ, ಅವನು ಮೈ ಹಾಕುವ ಕ್ಷಣಕ್ಕೆ ಸೊಂಟ ತಿರುಗಿಸಿ ಗೆರೆಗೆ ಬರುತ್ತಾನಲ್ಲ, ಆ ಥರದ ಆಟ. ಎದುರಾಳಿ ಮೊದಲು ಹೆಜ್ಜೆ ಇಡುವಂತೆ ಮಾಡುವುದೇ ಅದರ ಗುಟ್ಟು. ಫಿನ್ನಿ ಹುಟ್ಟಾ ಎಡಗಾಲಿನವನು. ಬಲಗಾಲನ್ನು ದುಡಿದು ತಿದ್ದಿಕೊಂಡು ಬಲ ಅಂಚಿನಲ್ಲಿ ಆಡಿದ. ಹಾಗಾಗಿ ಒಳಗೆ ತಿರುಗುತ್ತಾನೋ ಹೊರಗೆ ಓಡುತ್ತಾನೋ ಎಂಬುದು ಬ್ಯಾಕ್‌ಗೆ ತಿಳಿಯುತ್ತಿರಲಿಲ್ಲ. ಅವನನ್ನು ನಿಲ್ಲಿಸಲು ಕಾಲಿಗೇ ಒದೆಯುವವರಿದ್ದರು. ಎದ್ದು, ಮಣ್ಣು ಕೊಡವಿ, ಆಡುತ್ತಿದ್ದ. ಇಡೀ ಜೀವಮಾನದಲ್ಲಿ ರೆಫರಿ ಒಮ್ಮೆಯೂ ಅವನ ಹೆಸರು ಬರೆದುಕೊಳ್ಳಲಿಲ್ಲ.

ಆ ಕಾಲದಲ್ಲಿ ಬಲ ಅಂಚಿಗೆ ಇನ್ನೊಬ್ಬ ಮಹಾರಾಯನಿದ್ದ, ಸ್ಟ್ಯಾನ್ಲಿ ಮ್ಯಾಥ್ಯೂಸ್. ಇಬ್ಬರಲ್ಲಿ ಯಾರು ಮೇಲು ಎಂದು ಇಂಗ್ಲೆಂಡಿನ ಮನೆಮನೆಯಲ್ಲಿ ಜಗಳ. 1947ರ ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ಆಯ್ಕೆಗಾರರು ಜಗಳ ಬಿಟ್ಟು ಇಬ್ಬರನ್ನೂ ಇಳಿಸಿದರು, ಮ್ಯಾಥ್ಯೂಸ್ ಬಲಕ್ಕೆ, ಫಿನ್ನಿ ಎಡಕ್ಕೆ. ಪೋರ್ಚುಗಲ್ ವಿರುದ್ಧ 10-0. ಮರುವರ್ಷ ಟ್ಯೂರಿನ್‌ನಲ್ಲಿ ಇಟಲಿಯನ್ನು ಅದರ ನೆಲದಲ್ಲೇ 4-0ರಿಂದ ಸೋಲಿಸಿದಾಗ ಫಿನ್ನಿಯದು ಎರಡು ಗೋಲು. ಇಂಗ್ಲೆಂಡಿಗೆ ಒಟ್ಟು 76 ಪಂದ್ಯ, 30 ಗೋಲು. ನನ್ನ ಅಭಿಪ್ರಾಯ ಕೇಳಿದರೆ ನಾನು ಫಿನ್ನಿಯ ಕಡೆ. ಮ್ಯಾಥ್ಯೂಸ್ ಗೋಲಿಗೆ ದಾರಿ ಮಾಡಿಕೊಡುತ್ತಿದ್ದ, ಫಿನ್ನಿ ದಾರಿಯನ್ನೂ ಮಾಡುತ್ತಿದ್ದ, ಗೋಲನ್ನೂ ಹೊಡೆಯುತ್ತಿದ್ದ, ಬಲ, ಎಡ, ನಡು ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬಿನ ಒಡೆಯ, ಸಿಸಿಲಿಯ ಒಬ್ಬ ರಾಜಕುಮಾರ, ಅವನ ಮುಂದೆ ಒಂದು ಕರೆ ಇಟ್ಟ. ಸಹಿ ಹಾಕಿದ್ದಕ್ಕೆ 10,000 ಪೌಂಡ್, ತಿಂಗಳಿಗೆ 130 ಪೌಂಡ್ ಸಂಬಳ, ಸಮುದ್ರದ ಹತ್ತಿರ ಮನೆ, ಕಾರು. ಇಂಗ್ಲೆಂಡಿನಲ್ಲಿ ಆಗ ಯಾವ ಆಟಗಾರನಿಗೂ ವಾರಕ್ಕೆ 14 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ, ಅದೇ ಗರಿಷ್ಠ ವೇತನದ ಕಟ್ಟಳೆ. ಪ್ರೇಕ್ಷಕರಿಂದ ಮೈದಾನ ತುಂಬುತ್ತಿತ್ತು, ಗೇಟಿನ ಹಣ ಕ್ಲಬ್ಬಿಗೆ. ಒಪ್ಪಂದ ಮುಗಿದರೂ ಕ್ಲಬ್ಬು ಬಿಡದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಫಿನ್ನಿ ಕೇಳಿದ, ಪ್ರೆಸ್ಟನ್ ಕ್ಲಬ್ಬಿನ ಅಧ್ಯಕ್ಷರು ಬಿಡುವುದಿಲ್ಲ ಎಂದರು. ಆಡಿದರೆ ನಮಗೆ, ಇಲ್ಲವಾದರೆ ಯಾರಿಗೂ ಇಲ್ಲ ಎಂಬುದು ಅವರ ಮಾತಿನ ಸಾರ. ಅಲ್ಲಿಗೆ ಮುಗಿಯಿತು.

ಒಂದೇ ಕ್ಲಬ್ಬಿಗೆ ಕಡೆತನಕ ಆಡಿದ ನಿಷ್ಠಾವಂತ ಎಂದು ಅವನನ್ನು ಹೊಗಳುವವರು ಈ ಕಥೆಯನ್ನು ಬೇಗ ದಾಟಿಬಿಡುತ್ತಾರೆ. ನನಗದು ಸರಿ ಕಾಣುವುದಿಲ್ಲ. ಅವನು ಊರನ್ನು ಪ್ರೀತಿಸಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕಿ, ಒಳಗಿದ್ದವನ ನಿಷ್ಠೆಯನ್ನು ಕೊಂಡಾಡುವುದು ಅನ್ಯಾಯ. ಆ ವೇತನದ ಕಟ್ಟಳೆ ಬಿದ್ದದ್ದು 1961ರಲ್ಲಿ. ಫಿನ್ನಿ ಬೂಟು ಕಳಚಿದ್ದು 1960ರ ಏಪ್ರಿಲ್‌ನಲ್ಲಿ. ಒಂದೇ ವರ್ಷದ ಅಂತರ ನೋಡು. ಕಾರ್ಮಿಕ ಸಂಘದಲ್ಲಿ ದುಡಿದವನು ನೀನು, ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಪ್ಪುಗಳ ಕಥೆಯೂ ಹಾಗೇ ಕೈಗೆ ಬಂದು ಜಾರಿದ್ದು. 1953ರಲ್ಲಿ ಪ್ರೆಸ್ಟನ್ ಮತ್ತು ಆರ್ಸೆನಲ್ ಎರಡಕ್ಕೂ 54 ಅಂಕ, ಗೋಲು ಸರಾಸರಿಯ ಕೂದಲೆಳೆಯಲ್ಲಿ ಪ್ರಶಸ್ತಿ ಆರ್ಸೆನಲ್ ಪಾಲಾಯಿತು. ಮರುವರ್ಷ ಎಫ್‌ಎ ಕಪ್ ಫೈನಲ್, ವೆಸ್ಟ್ ಬ್ರಾಮ್‌ವಿಚ್ ಎದುರು 3-2ರ ಸೋಲು. 1958ರಲ್ಲಿ ಲೀಗಿನಲ್ಲಿ ಮತ್ತೆ ಎರಡನೇ ಸ್ಥಾನ. ಈ ನಡುವೆ 1954 ಮತ್ತು 1957ರಲ್ಲಿ ವರ್ಷದ ಆಟಗಾರ ಗೌರವ ಅವನಿಗೆ ಬಂತು. ಅದನ್ನು ಎರಡು ಬಾರಿ ಪಡೆದವರಲ್ಲಿ ಅವನೇ ಮೊದಲಿಗ. ಲೀಗಿನಲ್ಲಿ 433 ಪಂದ್ಯ ಆಡಿ, 187 ಗೋಲು ಹೊಡೆದು ಅವನು ಆಟ ನಿಲ್ಲಿಸಿದ ಮರುವರ್ಷವೇ ಪ್ರೆಸ್ಟನ್ ಮೊದಲ ದರ್ಜೆಯಿಂದ ಕೆಳಗೆ ಬಿತ್ತು. ಇವತ್ತಿನವರೆಗೂ ಮೇಲೆ ಬಂದಿಲ್ಲ. ಅವನು ಗೆದ್ದದ್ದೇನು ಎಂದು ನೀನು ಕೇಳಿದ ಪ್ರಶ್ನೆಗೆ ನಾನು ಈ ಸಂಗತಿಯನ್ನೇ ಉತ್ತರವಾಗಿ ಇಡುತ್ತೇನೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅದೇ ವರ್ಷಗಳಲ್ಲಿ ನಮ್ಮ ಮೈಸೂರು ಸೀಮೆಯ ಒಬ್ಬನಿದ್ದ, ಅವನನ್ನು ಬಿಟ್ಟು ಫಿನ್ನಿಯ ಬಗ್ಗೆ ಮಾತ್ರ ಬರೆದು ಕಳಿಸಲು ಮನಸ್ಸು ಒಪ್ಪುತ್ತಿಲ್ಲ. ಬೆಂಗಳೂರಿನ ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ, ಫಿನ್ನಿಗಿಂತ ನಾಲ್ಕು ವರ್ಷ ಚಿಕ್ಕವನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಗೋರಾ ಸೈನಿಕರ ಆಟ ನೋಡಿ ನೋಡಿ ಸುತ್ತಲಿನ ಬೀದಿಗಳ ಹುಡುಗರು ಬರಿಗಾಲಲ್ಲಿ ಕಲಿತ ಫುಟ್‌ಬಾಲ್ ಸಾಮಾನ್ಯದ್ದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ, ಅಲ್ಲಿಯವರೆಗೆ ಸೇನಾ ತಂಡಗಳದೇ ಸೊತ್ತಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದು ತಂದಿತು, ಮರುವರ್ಷ ಇನ್ನೊಮ್ಮೆ. ಆ ಗರಡಿಯಿಂದ ಬಂದವನು ಅಹ್ಮದ್. ಆಡಿದ್ದು ಇನ್‌ಸೈಡ್ ಲೆಫ್ಟ್, ಅಂದರೆ ಎಡ ವಿಂಗರ್‌ನ ಪಕ್ಕದ ಜಾಗ, ಅವನಿಗೆ ಚೆಂಡು ಒದಗಿಸುವ ಜಾಗ. ಚೆಂಡನ್ನು ಆಡಿಸುವ ರೀತಿ ನೋಡಿ ಅವನಿಗೆ ಹಾವಾಡಿಗ ಎಂದು ಹೆಸರು ಬಿದ್ದಿತ್ತು.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್, ಇಲ್‌ಫರ್ಡ್‌ನ ಮೈದಾನ. ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಇಳಿಯಿತು, ಹೆಚ್ಚಿನವರು ಬರಿಗಾಲಲ್ಲಿ, ಕೆಲವರ ಪಾದಕ್ಕೆ ಬರೇ ಪಟ್ಟಿ. ಅಹ್ಮದ್ ಆ ತಂಡದಲ್ಲಿದ್ದ. ನಮ್ಮ ಮೈಸೂರು ರಾಜ್ಯದ ಪರ ಆಡಿದ ಸಾರಂಗಪಾಣಿ ರಾಮನ್ ಸಹ ಇದ್ದ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಅದು, ನಮ್ಮವನ ಕಾಲಿನಿಂದ! ಸಿಕ್ಕಿದ ಎರಡು ಪೆನಾಲ್ಟಿಗಳು ಕೈತಪ್ಪಿದವು, 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತರೂ ಇಂಗ್ಲೆಂಡಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನಮ್ಮವರಿಗೆ.

ಫಿನ್ನಿ ಊರಲ್ಲೇ ಕೂತ, ಅಹ್ಮದ್ ಊರು ಬಿಟ್ಟ. 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದವನು ಹತ್ತು ವರ್ಷ ಅಲ್ಲೇ ಆಡಿದ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ: ಈ ಐವರ ಮುಂಚೂಣಿಯನ್ನು ಬಂಗಾಳಿಗಳು ಪಂಚ ಪಾಂಡವರೆಂದು ಕರೆದರು. ದೇಶವಿಭಜನೆಯಲ್ಲಿ ಮನೆ ಮಠ ಕಳೆದುಕೊಂಡು ಪೂರ್ವ ಬಂಗಾಳದಿಂದ ಬಂದ ಲಕ್ಷಾಂತರ ಜನರ ಕ್ಲಬ್ಬು ಅದು, ಅವರಿಗೆ ತಲೆಯೆತ್ತಿ ನಡೆಯಲು ಉಳಿದಿದ್ದ ಕೆಲವೇ ಕಾರಣಗಳಲ್ಲಿ ಒಂದು. ಆ ಜನಕ್ಕೆ ಸಂಜೆಯ ಸಂತೋಷ ಕೊಟ್ಟವರು ದಕ್ಷಿಣದಿಂದ ಹೋದ ಈ ಐವರು. ಮೊದಲ ವರ್ಷವೇ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಮೂರನ್ನೂ ಗೆದ್ದರು. ಶೀಲ್ಡಂತೂ ಸತತ ಮೂರು ವರ್ಷ. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಅಹ್ಮದ್ ಆಡಿದ ತಂಡಕ್ಕೇ. ಅಂದರೆ ಕಪ್ಪುಗಳ ಲೆಕ್ಕದಲ್ಲಿ ನಮ್ಮವನು ಫಿನ್ನಿಯನ್ನು ಎಲ್ಲೋ ಹಿಂದೆ ಬಿಟ್ಟ.

ಇಬ್ಬರೂ ಒಂದೇ ಕೂಟದಲ್ಲಿ ಆಡುವ ಅವಕಾಶ ಒಮ್ಮೆ ಬಂದಿತ್ತು. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತಕ್ಕೆ ಜಾಗ ಸಿಕ್ಕಿತ್ತು, ತಂಡ ಹೋಗಲಿಲ್ಲ. ಬೂಟು ಹಾಕದೆ ಆಡಲು ಬಿಡುವುದಿಲ್ಲ ಎಂದದ್ದಕ್ಕೆ ಹೋಗಲಿಲ್ಲ ಎಂಬುದು ಪ್ರಚಾರದಲ್ಲಿರುವ ಕಥೆ. ನಮ್ಮ ಫುಟ್‌ಬಾಲ್ ಸಂಸ್ಥೆಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದೆನಿಸಿರಲಿಲ್ಲ ಎಂದು ಆಗಿನ ನಾಯಕ ಶೈಲೇನ್ ಮನ್ನಾ ಮುಂದೆ ಹೇಳಿದ್ದನ್ನೇ ನಾನು ನಂಬುತ್ತೇನೆ. ಅಲ್ಲಿಗೆ ಹೋದ ಫಿನ್ನಿಯ ಇಂಗ್ಲೆಂಡ್ ಬೆಲೊ ಹೊರಿಜೊಂಟೆಯಲ್ಲಿ ಅಮೆರಿಕದ ಎದುರು 1-0ರಿಂದ ಸೋತು ತಲೆ ತಗ್ಗಿಸಿತು. ಎರಡು ವರ್ಷದ ನಂತರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ಸರದಿ: ಯುಗೊಸ್ಲಾವಿಯ 10, ಭಾರತ 1. ಅಷ್ಟು ಗೋಲು ತಿಂದ ಪಂದ್ಯದ ಕೊನೆಗಳಿಗೆಯಲ್ಲಿ ಆ ಒಂದನ್ನು ಹೊಡೆದವನು ಅಹ್ಮದ್ ಖಾನ್. ಹತ್ತು ಗೋಲು ಹಿಂದಿದ್ದಾಗಲೂ ಚೆಂಡಿನ ಹಿಂದೆ ಓಡಿದವನ ಮೇಲೆ ನನಗಿರುವ ಗೌರವ ಶೀಲ್ಡ್ ಎತ್ತಿದವನ ಮೇಲಿನದಕ್ಕಿಂತ ಒಂದು ಗುಂಜಿ ಹೆಚ್ಚು.

ಫಿನ್ನಿ 2014ರಲ್ಲಿ ತೀರಿಕೊಂಡ. ನೀನು ನೋಡಿದ ಆ ಫೋಟೊವನ್ನೇ ಪ್ರತಿಮೆಯಾಗಿ ಎರಕ ಹೊಯ್ದು, ಚಿಮ್ಮುವ ನೀರಿನ ಸಮೇತ, 2004ರಲ್ಲೇ ಡೀಪ್‌ಡೇಲ್ ಹೊರಗೆ ನಿಲ್ಲಿಸಿದ್ದಾರೆ. ಅಹ್ಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ಕಲ್ಕತ್ತೆಯ ಹಳಬರು ಅವನ ಹೆಸರನ್ನು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ನಮ್ಮಲ್ಲಿ ಕಾಲೇಜು ಹುಡುಗರ ಗುಂಪಿನಲ್ಲಿ ಆ ಹೆಸರು ಹೇಳಿ ನೋಡು, ಯಾರು ಎಂದು ಕೇಳುತ್ತಾರೆ. ಹುಡುಗರದೇನೂ ತಪ್ಪಿಲ್ಲ, ನಾವು ಹೇಳಿದ್ದರಲ್ಲವೇ?

ನಮ್ಮೂರು ಒಬ್ಬನನ್ನು ಮಾತ್ರ ಮರೆತಿಲ್ಲ. ಆಟೊ ಓಡಿಸುತ್ತಿದ್ದ ತಂದೆಯ ಮಗ ವಿನಯ್ ಕುಮಾರ್, ದಾವಣಗೆರೆ ಎಕ್ಸ್‌ಪ್ರೆಸ್. ಭಾರತಕ್ಕೆ ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ. ಆ ಒಂದನ್ನೇ ಹಿಡಿದು ಅವನನ್ನು ಅಳೆಯುವವರು ಹೊರಗಿನವರು. ನಾವು ಅಳೆಯುವುದು ಅವನ ಪ್ರಥಮ ದರ್ಜೆಯ 504 ವಿಕೆಟ್ಟುಗಳಿಂದ, 2013-14 ಮತ್ತು 2014-15ರಲ್ಲಿ ನಾಯಕನಾಗಿ ಕರ್ನಾಟಕಕ್ಕೆ ಸತತ ಎರಡು ರಣಜಿ ತಂದದ್ದರಿಂದ. ಪ್ರೆಸ್ಟನ್ನಿನವರು ಫಿನ್ನಿಯನ್ನು ಅಳೆದ ಬಗೆಯೂ ಹೀಗೇ ಇದ್ದಿರಬೇಕು.

ನಿನ್ನಿಂದ ನನಗೊಂದು ಕೆಲಸವಾಗಬೇಕು. 1941ರಲ್ಲಿ ಶುರುವಾದ ನಿಮ್ಮ ಮೈಸೂರು ಕಿರ್ಲೋಸ್ಕರ್ ಈಗಿಲ್ಲ. ಇಲ್ಲಿ ಡಿಸಿಎಂ ಟೌನ್‌ಶಿಪ್ ಎಂಬ ಹೆಸರಿದೆ, ಹೆಸರು ಕೊಟ್ಟ ಕಾಟನ್ ಮಿಲ್ಲಿನ ಸದ್ದಿಲ್ಲ. ಪಾಳಿ ಮುಗಿಸಿ ಬಂದು ಹೊಳೆದಂಡೆಯಲ್ಲೋ ಹೈಸ್ಕೂಲ್ ಮೈದಾನದಲ್ಲೋ ಆಡಿದವರು ಇನ್ನೂ ಕೆಲವರು ಇದ್ದಾರೆ, ವಯಸ್ಸಾಗಿದೆ. ನಿನ್ನ ಜೊತೆ ಲೇತಿನ ಮುಂದೆ ನಿಂತವರನ್ನು ಒಬ್ಬೊಬ್ಬರಾಗಿ ಕಂಡು ಕೇಳು: ಯಾವ ಆಟ ಆಡಿದರು, ಯಾವ ಊರಿನ ವಿರುದ್ಧ, ಎಡಕ್ಕೋ ಬಲಕ್ಕೋ, ಬೂಟಿತ್ತೋ ಇಲ್ಲವೋ. ಗುಂಪಿನ ಫೋಟೊ ಯಾರ ಮನೆಯಲ್ಲಾದರೂ ಗೋಡೆಯ ಮೇಲಿದ್ದರೆ ಹಿಂಬದಿಗೆ ಎಲ್ಲರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆಸು, ನಿಂತ ಸಾಲು ಮೊದಲು, ಕೂತ ಸಾಲು ಆಮೇಲೆ. ಮಿಲ್ಲಿನ ಕಡೆಯವರನ್ನು ಇಲ್ಲಿ ನಾನು ನೋಡಿಕೊಳ್ಳುತ್ತೇನೆ. ಮುಂದಿನ ತಿಂಗಳು ನೀನು ಈ ಕಡೆ ಬಂದಾಗ ಎರಡನ್ನೂ ಕೂಡಿಸಿ ಬರೆಯಲು ಕೂರೋಣ.

ಮನೆಯವರಿಗೆಲ್ಲ ನೆನಪು ತಿಳಿಸು.

ನಿನ್ನ ಗೆಳೆಯ